ಎಂಟು ವಾರ ಮೀನು ಬೇಯದ ಮನೆ

ಉರ್ವ ಮಾರ್ಕೆಟಿನಲ್ಲಿ ಮೀನು ಕೊಯ್ದು ಮಾರಿಯೇ ನನಗೆ ವಯಸ್ಸಾದದ್ದು. ಓದು ಮೂರನೇ ಕ್ಲಾಸಿಗೆ ಮುಗಿಯಿತು. ಆದರೆ ಕರುಳು ನೋಡಿ ಮೀನು ಹೇಗಿದೆ ಎಂದು ಹೇಳಬಲ್ಲೆ.

ಮಗನ ಮಗಳಿಗೆ ಹತ್ತು ತುಂಬಿದಾಗ ಹೊಟ್ಟೆನೋವು ಶುರುವಾಯಿತು. ಹುಳ ಎಂದೆ. ಶಾಲೆ ತಪ್ಪಿಸುವ ಉಪಾಯ ಎಂದೂ ಅಂದೆ. ವರ್ಷವಿಡೀ ಕಷಾಯ ಕುಡಿಸಿದೆ. ಅವಳು ಒಂದು ಬೆರಳಿನಷ್ಟೂ ಉದ್ದವಾಗಲಿಲ್ಲ. ಅನ್ನದ ಬಟ್ಟಲು ಕಂಡರೆ ಅಳುತ್ತಿದ್ದಳು. ಮಲದಲ್ಲಿ ರಕ್ತ ಕಂಡ ದಿನ ಸೊಸೆ ನನ್ನನ್ನು ಕೇಳದೆ ಮಕ್ಕಳ ಕರುಳಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದಳು. ಒಳ್ಳೆಯದೇ ಮಾಡಿದಳು.

ಕ್ಯಾಮೆರಾ ಹಾಕಿ ನೋಡಿದ ಮೇಲೆ ಡಾಕ್ಟರಮ್ಮ ನಮ್ಮನ್ನು ಕರೆದು ಒಳಗಿನ ಚಿತ್ರ ತೋರಿಸಿದರು. ಸೊಸೆ ಮುಖ ತಿರುಗಿಸಿದಳು. ನಾನು ಹತ್ತಿರ ಹೋಗಿ ನೋಡಿದೆ.

"ಇದು ಹಾಳಾದ ಕರುಳು. ಈ ಬಣ್ಣದ್ದನ್ನು ನಾನು ಬಿಸಾಡ್ತೇನೆ" ಎಂದೆ.

"ಇದನ್ನು ಬಿಸಾಡ್ಲಿಕ್ಕೆ ಆಗುದಿಲ್ಲ ಅಜ್ಜಿ. ಸರಿ ಮಾಡ್ಬೇಕು" ಎಂದರು ಅವರು.

ಕಾಯಿಲೆಗೆ ಕ್ರೋನ್ಸ್ ಎಂದು ಹೆಸರಂತೆ. ಮೈಯೇ ತನ್ನ ಕರುಳಿನ ಮೇಲೆ ಜಗಳಕ್ಕೆ ನಿಲ್ಲುವುದು. ಹುಳವೂ ಅಲ್ಲ, ದೃಷ್ಟಿಯೂ ಅಲ್ಲ. ಎಂಟು ವಾರ ಒಂದು ಪುಡಿಯನ್ನು ನೀರಿಗೆ ಕಲಸಿ ಅದನ್ನೇ ಕುಡಿಯಬೇಕು, ಗಂಜಿಯೂ ಇಲ್ಲ. ಅದರಲ್ಲೇ ಹುಣ್ಣು ಒಣಗಿದರೆ ಸ್ಟಿರಾಯ್ಡ್ ಬೇಡ. ಆ ಮಾತ್ರೆಯಿಂದ ಬೆಳವಣಿಗೆ ಇನ್ನೂ ಹಿಂದೆ ಬೀಳಬಹುದು ಎಂದರು.

"ಅನ್ನ ಇಲ್ಲದೆ ಮಗು ಬದುಕ್ತದಾ?" ಎಂದು ಕೇಳಿದೆ.

"ಅನ್ನ ತಿಂದೇ ಅಲ್ವಾ ಇಷ್ಟು ಸೊರಗಿದ್ದು?"

ಪುಡಿಯ ಡಬ್ಬ ಹೊತ್ತು ಮನೆಗೆ ಬಂದೆವು. ಆದರೆ ನನ್ನ ಕೈ ಸುಮ್ಮನಿರಲಿಲ್ಲ. ಮೂರನೇ ವಾರ ಹುಡುಗಿ ನನ್ನ ಸೀರೆಗೆ ಮೂಗು ಇಟ್ಟು ಬಂಗುಡೆ ಮೀನಿನ ವಾಸನೆ ತೆಗೆದುಕೊಳ್ಳುತ್ತಿದ್ದಳು. ಸೊಸೆ ಇಲ್ಲದಾಗ ಮೂರು ಸಲ ಹುರಿದ ಬಂಗುಡೆ, ಅನ್ನ ಕೊಟ್ಟೆ.

ತಪಾಸಣೆಗೆ ಹೋದಾಗ ರಕ್ತದ ವರದಿಯಲ್ಲಿ ಕಾಯಿಲೆಯ ಅಂಕಿ ಇಳಿದಿರಲಿಲ್ಲ. "ಬೇರೆ ಎಂತಾದ್ರೂ ಕೊಟ್ಟಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು. ಏನೂ ಕೊಟ್ಟಿಲ್ಲವೆಂದು ಸೊಸೆ ಆಣೆ ಹಾಕಲು ಹೊರಟಳು.

"ಕೊಟ್ಟದ್ದು ನಾನು" ಎಂದೆ.

ಅವರು ಬೈಯಲಿಲ್ಲ. "ಹಾಗಾದ್ರೆ ಎಂಟು ವಾರದ ಲೆಕ್ಕ ಪುನಃ ಸುರು. ಇವತ್ತಿಗೆ ಒಂದನೇ ದಿನ" ಎಂದರು. ಹುಡುಗಿ ಅತ್ತಳು.

ಮನೆಗೆ ಬಂದು ಸೊಸೆ ಹೇಳಿದಳು, "ಮಾಮಿ, ನಿಮ್ಮ ಕೈ ಕಟ್ಟಿ ಹಾಕ್ಬೇಕು."

"ಕೈ ಕಟ್ಟಿದ್ರೆ ಮೀನು ಕೊಯ್ಯುದು ಯಾರು? ಒಲೆಗೆ ಮೀನು ಇಡುದು ನಿಲ್ಲಿಸು."

ಎಂಟು ವಾರ ನಮ್ಮ ಮನೆಯಲ್ಲಿ ಮೀನು ಬೇಯಲಿಲ್ಲ. ಮೀನು ಹಿಡಿಯಲು ಹೋಗುವ ಮಗ ಬೋಟಿನಲ್ಲೇ ತಿಂದು ಬರುತ್ತಿದ್ದ. ನಾನು ಮಾರ್ಕೆಟಿನಲ್ಲೇ ಊಟ ಮುಗಿಸಿ, ಸೀರೆ ಬದಲಿಸಿ ಬರುತ್ತಿದ್ದೆ. "ಎಂತ ಮಾರಾಯ್ತಿ, ನಿಮ್ಮದು ಮಠ ಆಯ್ತಾ?" ಎಂದು ಪಕ್ಕದ ಬುಟ್ಟಿಯವಳು ನಕ್ಕಳು. "ಹೌದು, ನಾನೇ ಸ್ವಾಮಿ, ಕಾಲಿಗೆ ಬೀಳು" ಎಂದೆ.

ಪುಡಿ ಕಲಸಿದ ಆ ಹಾಲಿನಂಥದ್ದನ್ನು ನಾನೂ ಒಂದು ಲೋಟ ಕುಡಿದು ನೋಡಿದೆ. ಸುಣ್ಣ ಕಲಸಿದ ಹಾಗೆ. "ಕೆಟ್ಟದಾಗಿ ಉಂಟು. ಕುಡಿ" ಎಂದೆ. ಸುಳ್ಳು ಹೇಳಲಿಲ್ಲವೆಂದೋ ಏನೋ, ಆಮೇಲೆ ಹುಡುಗಿ ಹಟ ಮಾಡಲಿಲ್ಲ.

ಎಂಟನೇ ವಾರ ರಕ್ತದ ವರದಿ ಸರಿ ಬಂತು. ತೂಕ ಏರಿತ್ತು. ಸ್ಟಿರಾಯ್ಡ್ ಬೇಡ ಎಂದರು. ಕಾಯಿಲೆ ಪುನಃ ತಲೆ ಎತ್ತದ ಹಾಗೆ ದಿನಾ ನುಂಗಲು ಬೇರೆ ಮಾತ್ರೆ ಕೊಟ್ಟರು. ಮತ್ತೆ ಒಂದೊಂದೇ ಆಹಾರ ಶುರು. ಶಾಲೆ ಶುರುವಾಗುವಾಗ ಯೂನಿಫಾರ್ಮಿನ ಮಡಚಿದ ಅಂಚನ್ನು ನಾನೇ ಬಿಚ್ಚಿ ಹೊಲಿದೆ. ಎರಡು ಬೆರಳು ಇಳಿಸಬೇಕಾಯಿತು.

ಕೆಲವು ತಿಂಗಳ ಮೇಲೆ ಪುನಃ ಕ್ಯಾಮೆರಾ ಹಾಕಿದರು. ಚಿತ್ರವನ್ನು ಡಾಕ್ಟರಮ್ಮ ನನ್ನ ಕಡೆಗೇ ತಿರುಗಿಸಿದರು. "ಹೇಳಿ ಅಜ್ಜಿ."

"ಬೆಳಿಗ್ಗೆಯಷ್ಟೇ ಬೋಟಿನಿಂದ ದಕ್ಕೆಗೆ ಇಳಿದ ಮೀನು" ಎಂದೆ.

ಬುಡಸಮೇತ ಹೋಗುವ ಕಾಯಿಲೆ ಅಲ್ಲ, ಔಷಧಿ ಬಿಡಬಾರದು ಎಂದರು. ಇರಲಿ, ಕಾಯಿಲೆ ನಮ್ಮ ಮಾತು ಕೇಳಿಕೊಂಡು ಇರಲಿ.

ಅಂದು ಅವರನ್ನು ಕೇಳಿಯೇ ಕಾಣೆ ಮೀನು ಬೇಯಿಸಿ, ಮುಳ್ಳು ತೆಗೆದು ಬಡಿಸಿದೆ. ಹುಡುಗಿ ಒಂದು ತುತ್ತು ತಿಂದು ಮುಖ ಎತ್ತಿದಳು.

"ಉಪ್ಪು ಕಡಿಮೆ ಆಯ್ತು ಅಜ್ಜಿ."

"ಹಾಕಿಕೊಂಡು ತಿನ್ನು" ಎಂದೆ. ಬಟ್ಟಲು ಖಾಲಿ ಮಾಡಿ ಇನ್ನೊಂದು ಕೇಳಿದಳು.