ಟೇಪಿನೊಳಗಿನ ಪಕ್ಕದ ಮನೆಯಾಕೆ

ನಮ್ಮ ಮೊಮ್ಮಗಳು ಗೆದ್ದುಬಿಟ್ಟಳು. ಇದನ್ನ ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನನಗೆ ಮುಂದಿನ ಮಾತೇ ಬರೋದಿಲ್ಲ. ಅವಳು ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಅಲ್ಲಿ ರ‍್ಯಾಪ್ ಹಾಡುತ್ತಾಳೆ, ಅದಕ್ಕೆ ಬೇಕಾದ ಸಂಗೀತವನ್ನೂ ತಾನೇ ಕೂಡಿಸುತ್ತಾಳೆ. ಈಗ ಅವಳು ತನ್ನ ಹಾಡುಗಳನ್ನೆಲ್ಲ ಪೋಣಿಸಿ ಒಂದು ಮಿಕ್ಸ್‌ಟೇಪ್ ಮಾಡಿದ್ದಾಳೆ. ಅದನ್ನ ಅಲ್ಲಿಯ ದೊಡ್ಡ ದೊಡ್ಡ ಪೇಪರಿನವರು ಹೊಗಳಿ ಹೊಗಳಿ ಬರೆದಿದ್ದಾರೆ, ಇಂಥ ಪ್ರಯೋಗ ಯಾರೂ ಮಾಡಿರಲಿಲ್ಲ ಅಂತ. ಟೇಪು ಅಂತಾರೆ, ಆದರೆ ಟೇಪೇ ಇಲ್ಲ ನೋಡಿ, ಎಲ್ಲ ಫೋನಿನಲ್ಲೇ. ಇರಲಿ, ಏನಾದರೂ ಕರೆದುಕೊಳ್ಳಲಿ.

ಪೇಪರಿನ ಮಾತನ್ನ ನನ್ನ ಮಗ ಫೋನಿನಲ್ಲಿ ಓದಿ ಕನ್ನಡದಲ್ಲಿ ಹೇಳಿದ. “ಅಮ್ಮಾ, ಕೇಳಿಲ್ಲಿ. ಈ ಟೇಪಿನ ಜೀವ ಇರೋದೇ ಅವಳ ಬೆಂಗಳೂರಿನ ಅಜ್ಜಿಯ ದನೀಲಿ ಅಂತ ಬರ್ದಿದಾನೆ.”

ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಸೊಪ್ಪಿನವಳಿಗೆ ಹೇಳಿದೆ, ಇಸ್ತ್ರಿ ಅಂಗಡಿಯವನಿಗೆ ಹೇಳಿದೆ, ದೇವಸ್ಥಾನದಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಸೊಪ್ಪಿನವಳು ಒಂದು ಕಟ್ಟು ಕೊತ್ತಂಬರಿ ಜಾಸ್ತಿ ಹಾಕಿ, “ಇನ್ನೇನಮ್ಮ, ಲಂಡನ್ನಲ್ಲೂ ನಿಮ್ದೇ ಮಾತು” ಅಂದಳು.

ಮೊಮ್ಮಗಳು ಅವಳಮ್ಮ, ಅಂದರೆ ನನ್ನ ಮಗಳ ಜೊತೆ ಇವತ್ತು ಬೆಳಿಗ್ಗೆ ಅತ್ತಿಗುಪ್ಪೆಯ ನಮ್ಮ ಮನೆಗೆ ಬಂದಿಳಿದಳು. ಬಂದವಳೇ ನನ್ನನ್ನ ಮಂಚದ ಮೇಲೆ ಕೂರಿಸಿ, ದಪ್ಪ ಹೆಡ್‌ಫೋನು ಕಿವಿಗೆ ಇಟ್ಟಳು. ಎರಡು ಕಿವಿಗೂ ಒಂದೊಂದು ತಟ್ಟೆ ಇಡ್ಲಿ ಮುಚ್ಚಿದ ಹಾಗಿತ್ತು. ಮೊದಲು ನಲ್ಲಿ ತೊಟ್ಟಿಕ್ಕುವ ಸದ್ದು. ಆಮೇಲೆ ಮೆಟ್ರೋ ಹೋದದ್ದು. ಇವಳು ಇಂಗ್ಲಿಷಿನಲ್ಲಿ ಉಸಿರು ತೆಗೆದುಕೊಳ್ಳದೆ ಏನೋ ಹೇಳುತ್ತಾ ಹೋಗುತ್ತಾಳೆ, ನಡುವೆ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಆಗ ತಪ್ ತಪ್ ಅಂತ ಯಾರೋ ರೊಟ್ಟಿ ಬಡಿಯೋ ಸದ್ದು. ಅದರ ಹಿಂದೆಯೇ ಒಂದು ದನಿ.

“ಯಾಕ ತಂಗಿ, ಒಬ್ಬಾಕೀನ ಕುಂತೀಯಲ್ಲ? ಬಾ ಇಲ್ಲೆ, ಬಿಸಿ ರೊಟ್ಟಿ ಐತಿ.”

ನನ್ನ ದನಿಯಲ್ಲ ಅದು. ಪಕ್ಕದ ಮನೆಯಾಕೆಯದು. ಕಿವಿಗೆ ದನಿ ಬಿದ್ದದ್ದೇ ತಡ, ಮೂಗಿಗೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ವಾಸನೆ ಬಂತು…

ಅವರು ಹಾವೇರಿ ಕಡೆಯವರು. ಅವರ ಯಜಮಾನರಿಗೆ ಇಲ್ಲಿಗೆ ವರ್ಗವಾದಾಗ ಬಂದವರು, ಇಲ್ಲೇ ಮನೆ ಕಟ್ಟಿದರು. ಅವರಿಗೂ ನಮಗೂ ನಡುವೆ ಎದೆಯೆತ್ತರದ ಒಂದು ಕಾಂಪೌಂಡು ಗೋಡೆ. ಆ ಗೋಡೆಯ ಪಕ್ಕ ನಿಂತಿದ್ದರೂ ಅವರು ಆಚೆ ಹೊಲದವರನ್ನ ಕೂಗುವ ಹಾಗೆ ಮಾತಾಡುತ್ತಿದ್ದರು. ಗ್ಯಾಸಿನವನನ್ನ ಬೈದರೆ ಮೂರನೇ ಕ್ರಾಸಿನವರೆಗೂ ಕೇಳೋದು. ಬೈಗುಳವೂ ಕೇಳೋಕೆ ಚೆನ್ನ. ಒಂದು ಮಾತಿನ ಬಾಲ ಹಿಡಿದು ಇನ್ನೊಂದು ಮಾತು ಬರುತ್ತಿತ್ತು.

ನನ್ನ ಮಗಳು ನರ್ಸ್ ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಹೋದವಳು, ಅಲ್ಲೇ ಉಳಿದಳು. ಪ್ರತಿ ರಜಕ್ಕೂ ಈ ಮಗುವನ್ನ ತಂದು ನನ್ನ ಹತ್ತಿರ ಬಿಡುತ್ತಿದ್ದಳು. ಎಣ್ಣೆ ಹಚ್ಚಿ ನೀರು ಹಾಕಿದ್ದು ನಾನು. ತಲೆ ಸಿಕ್ಕು ಬಿಡಿಸಿದ್ದು ನಾನು. ಸೊಳ್ಳೆ ಕಚ್ಚಿದರೆ ಬೀಸಣಿಗೆ ಹಿಡಿದು ಕೂತಿದ್ದು ನಾನು. ಮಗು ಮಾತ್ರ ಕನ್ನಡ ಕಲಿತದ್ದು ಗೋಡೆಯಾಚೆ. ಒಂದು ದಿನ ಬಂದು “ಅಜ್ಜಿ, ನಂಗ ಹಸಿವಾಗೇತಿ” ಅಂದಾಗ ನನ್ನ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು. ಅವರೆಕಾಳು ಹಾಕಿ ಅಕ್ಕಿರೊಟ್ಟಿ ತಟ್ಟಿಕೊಟ್ಟೆ. ಚೆನ್ನಾಗಿದೆ ಅಂತ ಪೂರ್ತಿ ತಿಂದು, ಬಾಯಿ ಒರೆಸಿಕೊಂಡು, ಜೋಳದ ರೊಟ್ಟಿಗೆ ಆಚೆ ಓಡಿತು.

“ಅಕ್ಕಾರ, ನಿಮ್ಮ ಮೊಮ್ಮಗಳು ನಮ್ಮ ಮನಿ ಪಾಲಾದ್ಲು ನೋಡ್ರಿ” ಅಂತ ಅವರು ಗೋಡೆಯ ಮೇಲಿಂದ ನಕ್ಕರು.

“ಇಟ್ಕೊಳ್ಳಿ ಇಟ್ಕೊಳ್ಳಿ, ಬೆಳಿಗ್ಗೆ ಎಬ್ಬಿಸೋ ಕಷ್ಟಾನೂ ನಿಮಗೇ ಇರ್ಲಿ” ಅಂತ ನಾನೂ ನಕ್ಕೆ. ಹಲ್ಲು ನಗುತ್ತಿತ್ತು ಅಷ್ಟೇ. ರೊಟ್ಟಿ ಬಡಿಯೋದು ಕಲಿಸ್ತೀನಿ ಬರ್ರಿ ಅಂತ ಎಷ್ಟು ಸಲ ಕರೆದರೂ, ನಮಗೆ ಮುದ್ದೆ ಸಾಕು ಅಂತ ನಾನು ಹೋಗಲೇ ಇಲ್ಲ.

ಹುಡುಗಿ ಸ್ವಲ್ಪ ದೊಡ್ಡವಳಾದ ಮೇಲೆ ಬರುವಾಗ ಒಂದು ಪುಟ್ಟ ರೆಕಾರ್ಡರ್ ತರುತ್ತಿದ್ದಳು. ಅಂಗಳದಲ್ಲಿ ಕೂತು ಕಾಗೆ, ನಲ್ಲಿ, ಆಟೋ ಎಲ್ಲ ಹಿಡಿದುಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿ ರೆಕಾರ್ಡು ಅಂದರೆ ಉಸಿರು ಬಿಗಿಹಿಡಿಯೋದು ಅಂತಲೇ ಅರ್ಥ. ನಮ್ಮ ಯಜಮಾನರಿದ್ದಾಗ ರೇಡಿಯೋದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ದೇವರನಾಮ ಹಿಡಿಯುತ್ತಿದ್ದರು. ಒಂದು ಸಲ ನನ್ನ ಕೆಮ್ಮು ಅದರೊಳಗೆ ಸೇರಿಹೋಯಿತು. ಆ ಕ್ಯಾಸೆಟ್ ಹಾಕಿದಾಗಲೆಲ್ಲ ಕೆಮ್ಮು ಬರುವ ಜಾಗಕ್ಕೆ ಸರಿಯಾಗಿ ತಿರುಗಿ ನನ್ನನ್ನೇ ನೋಡುತ್ತಿದ್ದರು. ಅದಕ್ಕೇ ಮೊಮ್ಮಗಳು ರೆಕಾರ್ಡರ್ ತೆಗೆದಳೆಂದರೆ ನಾನು ಮಿಕ್ಸಿ ನಿಲ್ಲಿಸಿ, ಕುಕ್ಕರ್ ಇಳಿಸಿ, ಫ್ಯಾನು ಆರಿಸಿ, ಕಂಬದ ಹಾಗೆ ನಿಲ್ಲುತ್ತಿದ್ದೆ. ಮಗುವಿನ ಕೆಲಸ ಕೆಡಬಾರದಲ್ಲ.

ಪಕ್ಕದ ಮನೆಯಾಕೆಗೆ ಅದೆಲ್ಲ ಎಲ್ಲಿ? ಸರಿಯಾಗಿ ಆಗಲೇ ಗೋಡೆಗೆ ಬಂದು ಮಾತು ಶುರುಮಾಡುತ್ತಿದ್ದರು. ನಾನು ತುಟಿಗೆ ಬೆರಳಿಟ್ಟು “ಶ್” ಅಂದರೆ, “ಶ್ ಅನ್ನಾಕ ನಾನೇನ್ ಕೋಳಿ ಏನ್ರಿ ಅಕ್ಕಾರ?” ಅಂತ ಇನ್ನೂ ಜೋರು ಮಾಡೋರು. ಹುಡುಗಿ ನಗುತ್ತಾ ರೆಕಾರ್ಡರನ್ನ ಅವರ ಕಡೆಗೇ ತಿರುಗಿಸುತ್ತಿದ್ದಳು.

ಹೀಗೆ ಅವರು ಟೇಪಿನೊಳಗೆ ಹೋದರು. ನಾನು ಮರ್ಯಾದೆಯಾಗಿ ಹೊರಗೆ ನಿಂತೆ.

ಆಮೇಲೆ ಒಂದು ಬೆಳಿಗ್ಗೆ ಗೋಡೆಯಾಚೆ ರೊಟ್ಟಿ ಬಡಿಯೋ ಸದ್ದು ಬರಲಿಲ್ಲ… ಹೊಲಕ್ಕೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದವರು ಒಂದು ಮಾತೂ ಆಡದೆ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಮಕ್ಕಳು ಮನೆ ಮಾರಿದರು. ಈಗ ಅಲ್ಲಿ ಹುಡುಗರ ಪಿಜಿ ಎದ್ದಿದೆ. ಗೋಡೆಯನ್ನ ತಲೆಗಿಂತ ಎತ್ತರಕ್ಕೆ ಏರಿಸಿದ್ದಾರೆ, ಆಚೆ ಯಾರ ಮುಖವೂ ಕಾಣೋದಿಲ್ಲ.

ಹೆಡ್‌ಫೋನು ತೆಗೆದಿಟ್ಟು ಅಡುಗೆಮನೆಗೆ ಹೋಗಿ ಸೊಪ್ಪು ಬಿಡಿಸೋಕೆ ಕೂತೆ. ಊರಿಗೆಲ್ಲ ನನ್ನ ದನಿ ಅಂತ ಸಾರಿಕೊಂಡು ಬಂದಿದ್ದೇನಲ್ಲ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಎತ್ತಿ ಆಡಿಸಿದ ಮಗುವಿನ ಟೇಪಿನಲ್ಲಿ ನಾನೇ ಇಲ್ಲವಲ್ಲ. ಹೋದವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಂತಾರೆ. ಪಡದೆ ಏನು ಮಾಡಲಿ.

ಮೊಮ್ಮಗಳು ಹಿಂದೆಯೇ ಬಂದಳು. “ಯಾಕ ಅಜ್ಜಿ, ಸಿಟ್ಟೇನು?”

“ನಂಗ್ಯಾಕೆ ಸಿಟ್ಟು. ಆ ಪೇಪರ್‌ನವನಿಗೆ ಹೇಳು, ಅದು ಅಜ್ಜಿ ಅಲ್ಲ, ಪಕ್ಕದ ಮನೆಯವರು ಅಂತ.”

“ಹೇಳೀನಿ. ಅವ ಸರಿಯಾಗಿ ಕೇಳಿಲ್ಲ.” ನನ್ನ ಕೈಯಿಂದ ಸೊಪ್ಪು ತೆಗೆದಿಟ್ಟಳು. “ನೀನೂ ಕೇಳಿಲ್ಲ.”

ತಿರುಗಿ ನನ್ನ ಕಿವಿಗೆ ಹೆಡ್‌ಫೋನು ಹಾಕಿದಳು. ಲ್ಯಾಪ್‌ಟಾಪಿನಲ್ಲಿ ಏನೇನೋ ಒತ್ತಿ ಒಂದೊಂದೇ ಸದ್ದು ಆರಿಸಿದಳು. ಮೆಟ್ರೋ ಹೋಯಿತು, ರೊಟ್ಟಿಯ ಸದ್ದು ಹೋಯಿತು, ಅವಳ ಇಂಗ್ಲಿಷೂ ಹೋಯಿತು, ಪಕ್ಕದ ಮನೆಯಾಕೆಯೂ ಹೋದರು. ಒಂದೇ ಒಂದು ಸಣ್ಣ ಸದ್ದು ಉಳಿಯಿತು. ಮೊದಲು ಕೇಳುವಾಗ ಯಾವುದೋ ಮಿಷನ್ನಿನದು ಅಂದುಕೊಂಡಿದ್ದೆ.

ಶ್… ಶ್ ಶ್… ಶ್.

ಅವಳ ಬೆರಳು ನನ್ನ ಮಂಡಿಯ ಮೇಲೆ ಅದರ ಜೊತೆಗೇ ತಟ್ಟುತ್ತಿತ್ತು. “ತಾಳ ಪೂರ್ತಿ ನೀನೇ ಅಜ್ಜಿ. ಮೊದಲನೇ ಹಾಡಿಂದ ಕೊನೇ ತನಕ. ನೀನು ನಿಂತ್ರೆ ನಂಗೆ ಹಾಡಾಕ ಬರಾಂಗಿಲ್ಲ.”

ನಗು ಬಂತು, ಕಣ್ಣಲ್ಲಿ ನೀರೂ ಬಂತು, ಸೆರಗು ಸಾಲಲಿಲ್ಲ. ಆದರೂ ನಿಜ ಹೇಳ್ತೀನಿ, ಕಿಚ್ಚು ಪೂರ್ತಿ ಆರಲಿಲ್ಲ. ಮಾತೆಲ್ಲ ಅವರಿಗೆ, ಶ್ ಮಾತ್ರ ನನಗೆ. ಇದನ್ನ ಗೋಡೆಗೆ ಹೋಗಿ ಅವರಿಗೇ ಹೇಳಿ ಜಗಳ ಆಡಬೇಕು ಅನ್ನಿಸಿತು. ಏನಾದರೊಂದು ಕೊಂಕು ತೆಗೆದೇ ತೆಗೆಯೋರು…

ರಾತ್ರಿ ಊಟಕ್ಕೆ ಎಲ್ಲರೂ ಹಾಲಿನಲ್ಲಿ ಚಾಪೆ ಹಾಸಿ ಕೂತೆವು. ನಾನು ಆ ಸೊಪ್ಪು ಬೇಯಿಸಿ ಬಸಿದು ಬಸ್ಸಾರು ಮಾಡಿದ್ದೆ. ಮಗ ವಿಜಯನಗರದ ಖಾನಾವಳಿಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದ. ಮೊಮ್ಮಗಳು ಒಂದು ತುತ್ತು ತಿಂದು, “ಆಚೆ ಮನೆ ರೊಟ್ಟಿ ಥರ ಇಲ್ಲ” ಅಂದಳು. ಇಲ್ಲ ಕಣೇ ಅಂತ ನಾನೂ ಅಂದೆ.

ಮಗ ಸ್ಪೀಕರಿನಲ್ಲಿ ಟೇಪು ಹಾಕಿದ. ಮಗಳು ಅವಳ ಆಸ್ಪತ್ರೆಯ ನೈಟ್ ಡ್ಯೂಟಿ ಕತೆ ಹೇಳುತ್ತಿದ್ದಳು, ಸೊಸೆ ಉಪ್ಪಿನಕಾಯಿ ಯಾರಿಗೆ ಅಂತ ಕೇಳುತ್ತಿದ್ದಳು, ಗದ್ದಲವೋ ಗದ್ದಲ. ಅದರ ನಡುವೆ ತಪ್ ತಪ್ ಅಂತ ಸದ್ದು ಶುರುವಾಯಿತು. ನನಗೇ ಗೊತ್ತಿಲ್ಲದ ಹಾಗೆ ಎಂಜಲು ಕೈ ಮೇಲೆತ್ತಿದೆ.

“ಶ್. ಸುಮ್ನಿರ‍್ರೋ, ಅವರು ಮಾತಾಡ್ತಾರೆ.”

ತುತ್ತು ಕೈಯಲ್ಲೇ ಹಿಡಿದು ಎಲ್ಲರೂ ಸುಮ್ಮನಾದರು. ಬಾ ಇಲ್ಲೆ, ಬಿಸಿ ರೊಟ್ಟಿ ಐತಿ, ಅಂದರು ಅವರು. ನನ್ನ ತಟ್ಟೆಯಲ್ಲಿದ್ದ ರೊಟ್ಟಿ ಆಗಲೇ ಆರಿಹೋಗಿತ್ತು. ಮುರಿದು, ಸಾರಿನಲ್ಲಿ ಅದ್ದಿಕೊಂಡು ತಿಂದೆ.