ಮೌಸಿನ ಮೇಲೆ ನಿಂತ ಬೆರಳು

ಮದರಂಗಿ ಹಚ್ಚಿದ ಆ ತೋರುಬೆರಳು ಮೌಸಿನ ಮೇಲೆ ಒಂದು ನೂಲಿನಷ್ಟು ಎತ್ತರದಲ್ಲಿ ನಿಂತುಬಿಡುತ್ತಿತ್ತು. ಒತ್ತುತ್ತಿರಲಿಲ್ಲ. "ಮೊದ್ಲ ನೀವು ಹೇಳ್ರಿ, ಏನಾಕ್ಕೈತಿ? ಆಮ್ಯಾಲ ಒತ್ತೂಣು," ಎನ್ನುತ್ತಿದ್ದರು ನಮ್ಮ ಸಾಲಿಗೆ ಹೊಸದಾಗಿ ಬಂದ ಟೀಚರು, ಎಲ್ಲರ ಬಾಯಲ್ಲಿ ಅಕ್ಕೋರು. ಇಡೀ ಹತ್ತನೆಯ ತರಗತಿ ಉಸಿರು ಬಿಗಿಹಿಡಿದು ಆ ಬೆರಳನ್ನೇ ನೋಡುತ್ತಿತ್ತು.

ಆ ತರಗತಿ ಮೊದಲು ನನ್ನದು. ವಿಜ್ಞಾನದ ಮಾಸ್ತರ ನಾನು. ಸ್ಕೇಲು ಮುಟ್ಟದೆ ಬೋರ್ಡಿನ ಮೇಲೆ ವಿದ್ಯುತ್ ಮಂಡಲ ಬರೆದರೆ ಗೆರೆ ಅತ್ತಿತ್ತ ಸರಿಯುತ್ತಿರಲಿಲ್ಲ. ಅಕ್ಕೋರು ಗಂಗಾವತಿಯಿಂದ ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿಕೊಂಡು ಬರುತ್ತಿದ್ದರು. ನಮ್ಮ ಗಿಣಿಗೇರಾದ ಕಾರ್ಖಾನೆಗಳ ಕರಿ ಧೂಳನ್ನು ಆ ದುಪಟ್ಟಾದಿಂದಲೇ ಒರೆಸಿ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಡುತ್ತಿದ್ದರು. ಮೌಸಿನಿಂದ ಬ್ಯಾಟರಿ, ತಂತಿ, ಬಲ್ಬು ಎಳೆದು ಜೋಡಿಸಿದರೆ ಸಾಕು, ತಂತಿಯೊಳಗೆ ನೀಲಿ ಚುಕ್ಕಿಗಳು ಓಡುತ್ತಿದ್ದವು. ಇದೇನು ಪಾಠವೋ ವಿಡಿಯೋ ಗೇಮೋ ಅಂದೆ. ಹೆಡ್‌ಮಾಸ್ತರರು ನಕ್ಕು, ಹತ್ತನೆಯ ತರಗತಿಯನ್ನು ಅಕ್ಕೋರಿಗೇ ಕೊಟ್ಟರು. ನನಗೆ ಹೊಟ್ಟೆ ಧಗಧಗ ಉರಿಯಿತು, ಸುಳ್ಳು ಯಾಕೆ ಹೇಳಲಿ!

ತರಗತಿ ಹೋದರೆ ಹೋಗಲಿ. ಅದರಲ್ಲಿ ನನ್ನ ಮಗಳೂ ಇದ್ದಳು. ಮನೆಯಲ್ಲಿ ನಾನು ಏನು ಹೇಳಿಕೊಟ್ಟರೂ "ಹೂಂ ಅಪ್ಪಾ" ಎಂದು ಜಾಗ ಖಾಲಿ ಮಾಡುವ ಹುಡುಗಿ. ಒಂದು ಪ್ರಶ್ನೆ ಕೇಳಿದವಳಲ್ಲ.

ಒಂದು ದಿನ ಅವರ ಬಾಗಿಲ ಮುಂದೆ ಹಾಯುತ್ತಿದ್ದೆ. ಗೋಡೆಯ ಮೇಲೆ ಒಂದೇ ತಂತಿಯಲ್ಲಿ ಎರಡು ಒಂದೇ ನಮೂನೆಯ ಬಲ್ಬು. ಬೆರಳು ನಿಂತಿತ್ತು.

"ಸರ, ನೀವೂ ಒಂದು ಮಾತು ಹೇಳ್ರಿ," ಎಂದರು ಅಕ್ಕೋರು.

"ಎರಡೂ ಸಮ ಉರೀತಾವ," ಎಂದೆ ಗತ್ತಿನಿಂದ. ಯಾರೂ ನನ್ನ ಕಡೆ ತಿರುಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನ್ನ ಮಗಳೇ ಎದ್ದು ನಿಂತಿದ್ದಳು.

"ಇಲ್ರಿ ಅಕ್ಕೋರ, ಮೊದಲ್ನೇ ಬಲ್ಬು ಕರೆಂಟ್ ಕುಡದುಬಿಡ್ತೈತ್ರಿ. ಎರಡನೇದಕ್ಕ ಕಮ್ಮಿ."

ಮಾನ ಕಳೆದಳಲ್ಲಪ್ಪಾ! ನಾನಾಗಿದ್ದರೆ ಬೈದು ಕೂರಿಸುತ್ತಿದ್ದೆ. ಅಕ್ಕೋರು ತಪ್ಪು ಅನ್ನಲೇ ಇಲ್ಲ. "ಛಲೋ ಆತು. ಬಾ, ನೀನ ಒತ್ತಿ ನೋಡು," ಎಂದು ಮೌಸು ಬಿಟ್ಟುಕೊಟ್ಟರು. ಅವಳು ಒತ್ತಿದಳು. ಎರಡೂ ಸಮ. ಬಲ್ಬಿನ ಜಾಗ ಅದಲುಬದಲು ಮಾಡಿದಳು, ಬಲ್ಬಿನ ಹಿಂದೆ ಮುಂದೆ ಚುಕ್ಕಿ ಎಣಿಸಿದಳು. "ಅಯ್ಯ, ಕುಡಿಯೂದಿಲ್ರಿ! ಹೋದಷ್ಟೂ ವಾಪಸ್ ಬರ್ತಾವ!" ಎಂದು ಕುಣಿದಳು. ಹುಡುಗರೆಲ್ಲ ಚಪ್ಪಾಳೆ. ನನ್ನ ಸರಿ ಉತ್ತರಕ್ಕೆ ಕವಡೆ ಕಿಮ್ಮತ್ತಿಲ್ಲ. ಮಗಳು ಹುಟ್ಟಿದಾಗಿನಿಂದ ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ತರಿಸಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಕ್ಕೋರಿಗೆ ಕುಷ್ಟಗಿಗೆ ವರ್ಗವಾಯಿತು. ಬೀಳ್ಕೊಡುವಾಗ ಹುಡುಗರು ಅತ್ತರು. ನಾನು ಎರಡು ಪೇಡೆ ತಿಂದೆ, ಭಾಳ ರುಚಿಯಾಗಿದ್ದವು.

ಆ ವಾರವೇ ನಡುಮನೆಯ ಬಲ್ಬು ಸುಟ್ಟುಹೋಯಿತು. ಮಗಳು ಬಂದು ನಿಂತಳು. "ಅಪ್ಪಾ, ಇದೊಂದ ಆರೇತಿ. ಉಳಿದಾವು ಯಾಕ ಆರಲಿಲ್ಲ?"

ನನ್ನನ್ನು ಕೇಳುತ್ತಿದ್ದಾಳೆ! ಪಾಠ ನಾಲಿಗೆಯ ತುದಿಗೇ ಬಂತು. ಆದರೆ ನನ್ನ ತೋರುಬೆರಳು ತಾನಾಗಿ ಮೇಲೆದ್ದು ನಿಂತಿತು. "ಮೊದ್ಲ ನೀ ಹೇಳು. ನಿನಗೇನ ಅನಸ್ತೈತಿ?"

ಅವಳ ಮುಖ ಅರಳಿತು. ಪಕ್ಕಕ್ಕೆ ಬಂದು ಒತ್ತಿ ಕೂತಳು. "ಥೇಟ್ ಅಕ್ಕೋರಂಗ ಕೇಳಿದಿ ನೋಡಪ್ಪಾ!"

ಮತ್ತೆ ಹೊಟ್ಟೆ ಉರಿಯಿತು. ಆದರೂ ಬೆರಳು ಇಳಿಸಲಿಲ್ಲ. ಅವಳು ಹೇಳಲು ಶುರುಮಾಡಿದ್ದಳು.