ವಸುಮತಿಯಕ್ಕನ ಕಪ್ಪು ಪ್ರಸಾದ

ಪುತ್ತೂರಿನ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೆಲಸಕ್ಕೆ ಸೇರಿದ ದಿನವೇ ನಾನು ಹಣೆಗೆ ಮಸಿ ಹಚ್ಚಿಕೊಂಡವನು. ಬೇರೆ ಯಾರೂ ಹಚ್ಚಲಿಲ್ಲ, ನಾನೇ ಭಕ್ತಿಯಿಂದ ಹಚ್ಚಿಕೊಂಡದ್ದು.

ಆದದ್ದು ಇಷ್ಟೆ. ಹಿಂದಿನ ಕೋಣೆಯ ಬಾಗಿಲು ದೂಡಿದರೆ ಮೇಜಿನ ಮೇಲೆ ಕೆಂಪು ವಸ್ತ್ರ, ಹತ್ತಿಯ ಉಂಡೆಗಳು, ಒಂದು ಬಟ್ಟಲಲ್ಲಿ ಎಣ್ಣೆ, ಇನ್ನೊಂದರಲ್ಲಿ ಕಪ್ಪು, ನಡುವೆ ಬಿಚ್ಚಿಟ್ಟ ತಾಳೆಗರಿಯ ಗ್ರಂಥ. ಅದರ ಮೇಲೆ ಬಗ್ಗಿ ಕೂತ ಹೆಂಗಸೊಬ್ಬರ ತುಟಿ ಅಲ್ಲಾಡುತ್ತಿತ್ತು. ಬೆಳಗ್ಗೆಯೇ ಗಣಹೋಮ ಮುಗಿಸಿದ್ದಾರೆ ಎಂದುಕೊಂಡೆ. ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದು ನಿಂತೆ. ಅವರು ತಲೆ ಎತ್ತಲಿಲ್ಲ. ಕಡೆಗೆ ನಾನೇ ಬಟ್ಟಲಿಂದ ಹೋಮದ ಕಪ್ಪು ತೆಗೆದು ಹಣೆಗಿಟ್ಟೆ. ಅವರು ಒಮ್ಮೆ ನನ್ನನ್ನು ನೋಡಿ, "ಇನ್ನೂ ಬೇಕಾ?" ಎಂದರು. ಕೊಡುವವರಿಗೆ ಬೇಡ ಎನ್ನಬಾರದೆಂದು ಕುತ್ತಿಗೆಗೂ ಇಟ್ಟುಕೊಂಡೆ.

ಅದು ಎಣ್ಣೆಯಲ್ಲಿ ಕಲಸಿದ ದೀಪದ ಮಸಿ. ತಾಳೆಗರಿಯಲ್ಲಿ ಅಕ್ಷರವನ್ನು ಬರೆಯುದಲ್ಲ, ಕಬ್ಬಿಣದ ಕಂಟದಿಂದ ಕೊರೆಯುದು. ಮಸಿ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಂತು ಓದಲಿಕ್ಕೆ ಬರುತ್ತದೆ. ಅವರ ತುಟಿಯಲ್ಲಿದ್ದದ್ದು ಮಂತ್ರವೂ ಅಲ್ಲ, ಗರಿಗಳ ಲೆಕ್ಕ. ಮಸಿ ಗರಿಯಿಂದ ಸುಲಭದಲ್ಲಿ ಹೋಗುತ್ತದೆ, ನನ್ನ ಹಣೆಯಿಂದ ಹೋಗಲಿಲ್ಲ. ಕ್ಯಾಂಟೀನಿನ ಶಮೀರ್ ಮಾತ್ರ ಬಹಳ ಗೌರವದಿಂದ ಯಾವ ದೇವಸ್ಥಾನ ಎಂದು ಕೇಳಿದ.

ಗ್ರಂಥಗಳನ್ನು ಸ್ಕ್ಯಾನ್ ಮಾಡಲಿಕ್ಕೆ ಗುತ್ತಿಗೆಯ ಮೇಲೆ ಸುಳ್ಯದಿಂದ ಬಂದವನು ನಾನು. ಜೆರಾಕ್ಸ್ ಅಂಗಡಿಯ ಅನುಭವ ಉಂಟೆಂದು ಅರ್ಜಿಯಲ್ಲಿ ಬರೆದಿದ್ದೆ, ಇವರು ಅದನ್ನು ನಂಬಿದ್ದರು.

ವಸುಮತಿಯಕ್ಕ ನರಿಮೊಗರಿನವರು, ಇಲ್ಲಿಯ ಗ್ರಂಥಪಾಲಕಿ. ಬಿ.ಕಾಂ. ಮಕ್ಕಳಿಗೆ ಗೈಡ್ ಕೊಡುತ್ತ ಹಾಯಾಗಿ ಇರಬಹುದಿತ್ತು. ಒಮ್ಮೆ ಆಟದ ಸಾಮಾನಿನ ಕೋಣೆಯಲ್ಲಿ ಹರಿದ ವಾಲಿಬಾಲ್ ನೆಟ್ಟಿನ ಅಡಿಯಲ್ಲಿ ಒಂದು ಗೋಣಿ ಸಿಕ್ಕಿತಂತೆ. ಯಾರೋ ಪುಣ್ಯಾತ್ಮರು ಕಾಲೇಜಿಗೆ ದಾನ ಮಾಡಿದ ಪೂಜಾಪದ್ಧತಿ, ಸ್ತೋತ್ರ, ಭಾಗವತದ ಕಟ್ಟುಗಳು. ಎಲ್ಲವೂ ತುಳುನಾಡಿನ ಹಳೆಯ ತಿಗಳಾರಿ ಲಿಪಿ. ಓದಲಿಕ್ಕೆ ಬರುವುದಿಲ್ಲ ಎಂದು ಕಟ್ಟಿಡುವ ಜಾತಿಯಲ್ಲ ಅವರದ್ದು. ಕಾಣಿಯೂರಿನ ಹಿರಿಯರೊಬ್ಬರ ಮನೆಗೆ ರಜಾ ದಿನಗಳಲ್ಲಿ ಹೋಗಿ ಲಿಪಿ ಕಲಿತರು. ಆಮೇಲೆ ಸ್ಕೂಟರ್ ಹತ್ತಿ ಮನೆಮನೆಗೆ ಹೋಗಿ, ದೇವರ ಕೋಣೆಯ ಅಟ್ಟದಲ್ಲಿ ಏನಾದರೂ ಉಂಟಾ ಎಂದು ಕೇಳತೊಡಗಿದರು. ಹೆಚ್ಚಿನವರು ಕಾಫಿ ಕೊಟ್ಟರು, ಗ್ರಂಥ ಕೊಡಲಿಲ್ಲ.

ಕೊಟ್ಟದ್ದಕ್ಕೆ ಮಾತ್ರ ಅವರ ಆರೈಕೆ ಬಾಣಂತಿಯದ್ದು. ಬ್ರಷ್ಷಿನಿಂದ ಧೂಳು ತೆಗೆದು, ನಿಂಬೆಯಂತೆ ಘಮ್ಮೆನ್ನುವ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ನೆರಳಲ್ಲಿ ಆರಿಸಿ, ಹುಳ ಬಾರದಂತೆ ಬಜೆಯ ಗಂಟು ಇಟ್ಟು ಕಟ್ಟುದು. ಕಟ್ಟಿ ಬೀಗ ಹಾಕುದಲ್ಲ. ಯಾರು ಕೇಳಿದರೂ ಓದಲಿಕ್ಕೆ ಕೊಡುತ್ತಾರೆ, ಒಂದು ಬಾಡಿಗೆಯ ಮೇಲೆ: ಓದಿದ್ದನ್ನು ಬಾಯಿಬಿಟ್ಟು ಹೇಳಿ ರೆಕಾರ್ಡ್ ಮಾಡಿ ಕಳಿಸಬೇಕು. ಪುರೋಹಿತ ಚಿನ್ಮಯ ನಾಗಪ್ರತಿಷ್ಠೆಯ ಹಿಂದಿನ ದಿನ ಗಡಿಬಿಡಿಯಲ್ಲಿ ಫೋಟೋ ತರಿಸಿಕೊಂಡು, ಬಾಡಿಗೆ ಮರೆತು, ಪೇಟೆಯಲ್ಲಿ ಅಕ್ಕನನ್ನು ಕಂಡರೆ ಬೈಕ್ ತಿರುಗಿಸುತ್ತಿದ್ದ. ಈಗ ಅಕ್ಕನ ಫೋನಿನಲ್ಲಿ ಮದುವೆಯ ಫೋಟೋಗಳಿಗೆ ಜಾಗ ಇಲ್ಲ, ಬರೀ ಸ್ತೋತ್ರ.

ನನಗೂ ಲಿಪಿ ಕಲಿಸಿದರು. ಹಾಳಾದ ಗರಿಯ ತುಂಡಿನಲ್ಲಿ ಕಂಟ ಹಿಡಿಸಿ ನನ್ನ ಹೆಸರು ಕೊರೆಸಿದರು. ಮೂರು ಕಡೆ ಹರಿದ ಆ ಮೋಕ್ಷಿತ್ ಇವತ್ತಿಗೂ ನನ್ನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಇದ್ದಾನೆ. ಗುತ್ತಿಗೆ ಮುಗಿಯುವಾಗ ನನ್ನ ಪರವಾಗಿ ಪ್ರಾಂಶುಪಾಲರ ಹತ್ತಿರ ಹೋಗಿ ಏನು ಹೇಳಿದರೋ ಗೊತ್ತಿಲ್ಲ. ಕೆಲಸ ಉಳಿಯಿತು. ಜೆರಾಕ್ಸ್ ಕೂಡ ಸರಿಯಾಗಿ ಬಾರದವನಿಗೆ ಇಷ್ಟು ಮಾಡಿದವರು ಬೇರೆ ಇಲ್ಲ.

ಅಕ್ಕ ಮಾವ ಎಂದೇ ಕರೆಯುವ ರಾಮಕುಂಜದ ಮಹಾಲಿಂಗ ಭಟ್ರ ಮನೆಯ ದೇವೀಮಹಾತ್ಮ್ಯದ ಕಟ್ಟು ಮಾತ್ರ ಕೈತಪ್ಪಿ ಹೋಗುವುದರಲ್ಲಿತ್ತು. ಅವರಲ್ಲಿ ಅದನ್ನು ನವರಾತ್ರಿಗೆ ಹೊರಗೆ ತಂದು, ಬಿಚ್ಚದೆ ಹಾಗೆಯೇ ಗಂಧ ಹಚ್ಚಿ ಪೂಜೆ ಮಾಡುದು. ತಲೆಮಾರುಗಳ ಗಂಧ, ತೀರ್ಥ ಎಲ್ಲ ಇಳಿದು ಗರಿಗಳು ಒಂದಕ್ಕೊಂದು ಅಂಟಿ ಹಲಗೆಯಂತೆ ಆಗಿದ್ದವು. ಒಳಗೆ ಹುಳ ಬೇರೆ. ಅಕ್ಕ ಎಣ್ಣೆ ಇಳಿಸಿ ಇಳಿಸಿ, ಬಿದಿರಿನ ಸೀಳು ತೂರಿಸಿ, ಅರ್ಧದಷ್ಟು ಬಿಡಿಸಿದ್ದರು. ಆಗಲೇ ಭಟ್ರು ಬೆಳ್ಳಗಿನ ಒಗೆದ ವಸ್ತ್ರ ಹಿಡಿದು ಬಂದರು, ಕಟ್ಟನ್ನು ಮನೆಗೆ ಒಯ್ಯುದಂತೆ. ಮನೆಯಲ್ಲಿ ಹಿರಿಯರು ಯಾರೋ ತಗಾದೆ ಎತ್ತಿದ್ದರು. ಅರ್ಧಕ್ಕೆ ಒಯ್ದರೆ ಉಳಿದ ಗರಿಗಳು ಒಣಗಿ ಪುಡಿಯಾಗುತ್ತವೆ ಎಂದು ಅಕ್ಕ ಹೇಳಿದರು. ಭಟ್ರು ಕೂರಲಿಲ್ಲ, ಹೋಗಲೂ ಇಲ್ಲ.

ಆ ಕಟ್ಟು ಈಗಲೂ ನಮ್ಮಲ್ಲೇ ಉಂಟು. ಕಳೆದ ನವರಾತ್ರಿಗೆ ಭಟ್ರೇ ಬಂದು, ಅದನ್ನು ಮೊದಲ ಬಾರಿ ತಮ್ಮ ಕೈಯಾರೆ ಬಿಚ್ಚಿ, ನಮ್ಮ ಕೋಣೆಯಲ್ಲಿ ಕೂತು ಇಡೀ ಓದಿದರು. ಕಣ್ಣೊರೆಸಿಕೊಂಡು ಬಾಡಿಗೆಯನ್ನೂ ಕೊಟ್ಟರು. ಆದರೆ ಭಟ್ರು ವಸ್ತ್ರ ಹಿಡಿದು ಬಂದ ಆ ದಿನ, ಕಟ್ಟು ಉಳಿಯುತ್ತದೆಂಬ ಧೈರ್ಯ ನನಗೆ ಇರಲಿಲ್ಲ. ಇಬ್ಬರೂ ಮನೆಮಾತು ಬಿಟ್ಟು ಪೇಟೆಯ ಕನ್ನಡಕ್ಕೆ ಬಂದಿದ್ದರು, ಅಷ್ಟು ಗಂಭೀರ. ಭಟ್ರು ನನ್ನ ಕಡೆ ನೋಡಿ, ಗೋಡೆಯ ಕ್ಯಾಲೆಂಡರ್ ನೋಡಿ, ಕಡೆಗೆ ನೆಲ ನೋಡುತ್ತ ಕೇಳಿದರು.

"ಅಲ್ಲ ವಸುಮತಿ, ಮನೆಯಲ್ಲಿ ಕೇಳುತ್ತಾರೆ. ತಿಂಗಳಿನ ಆ ಮೂರು ದಿನ... ಇದನ್ನು ಮುಟ್ಟುದು ಯಾರು?"

ನಾನು ಸ್ಕ್ಯಾನರಿನ ಹಿಂದೆ ತಲೆ ತಗ್ಗಿಸಿದೆ. ನಾನೇ ಮುಟ್ಟುದು ಎಂದು ಸುಳ್ಳು ಹೇಳಲಿಕ್ಕೂ ತಯಾರಾಗಿದ್ದೆ, ಜನಿವಾರ ಇಲ್ಲದವನ ಕೈ ಇನ್ನೂ ದೊಡ್ಡ ತಗಾದೆ ಆಗಬಹುದು ಎಂದು ಹೊಳೆಯದೆ. ಅಕ್ಕ ಕೈಯಲ್ಲಿದ್ದ ಗರಿಯನ್ನು ಕೆಳಗಿಡಲಿಲ್ಲ.

"ನಾನೇ ಮುಟ್ಟುದು ಮಾವ. ಹುಳ ಆ ಮೂರು ದಿನ ಉಪವಾಸ ಮಾಡುದಿಲ್ಲ."